ಕಲಶದ ಕಾಸು

ದಾಬಸ್‌ಪೇಟೆ
16 ಜೂನ್ 2024

ಸಿಂಚನಳ ತಾತನವರಿಗೆ,

ನಮಸ್ಕಾರ. ನಾನು ಪ್ರಮೋದಾ. ಮದುವೆಯ ದಿನ ದೂರದಿಂದ ಕೈಮುಗಿದದ್ದು ಬಿಟ್ಟರೆ ನಿಮ್ಮ ಹತ್ತಿರ ನಾನು ಮಾತಾಡಿಲ್ಲ. ನಿಮ್ಮನ್ನು ಏನೆಂದು ಕರೆಯಬೇಕು ಎಂದು ಇವರನ್ನು ಕೇಳಿದೆ. "ಮಾವ ಅನ್ನು, ಅಪ್ಪ ಅನ್ನು, ಬಾಯಿಗೆ ಬಂದದ್ದು ಅನ್ನು" ಎಂದರು. ನೀವು ಸಿಂಧು ಅಕ್ಕನ ಅಪ್ಪ. ನಾನು ಅವರ ಜಾಗಕ್ಕೆ ಬಂದವಳು. ಎರಡು ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಅದಕ್ಕೆ ಮಗುವಿನ ಹೆಸರು ಮುಂದಿಟ್ಟುಕೊಂಡು ಬರೆದಿದ್ದೇನೆ. ಫೋನಿನಲ್ಲಿ ನಿಮಗೆ ಕೇಳಿಸುವುದಿಲ್ಲ, ಕಾಗದವಾದರೆ ಕೂತು ಓದುತ್ತಾರೆ ಎಂದು ಇವರೇ ಹೇಳಿದರು.

ಸಿಂಚನ ಚೆನ್ನಾಗಿದ್ದಾಳೆ. ಶಾಲೆ ಶುರುವಾಗಿದೆ, ಎರಡನೇ ಕ್ಲಾಸು. ಹಟ ಇಲ್ಲ, ಅಳು ಇಲ್ಲ. ಊಟ ಮಾಡ್ತೀಯಾ ಎಂದರೆ ಹೂಂ, ಸಾಕಾ ಎಂದರೆ ಸಾಕು. ಇಷ್ಟು ದಿನ ನಿಮ್ಮ ಮನೆಯಲ್ಲಿ ಬೆಳೆದ ಮಗು, ಅಲ್ಲಿ ಹಸುಗಳ ಜೊತೆಗೂ ಮಾತಾಡುತ್ತಿದ್ದಳಂತೆ. ಇಲ್ಲಿ ನನ್ನ ಜೊತೆ ಮಾತಿಲ್ಲ.

ಮೊನ್ನೆ ಬೀರುವಿನಲ್ಲಿ ಹಾಸಿದ್ದ ಪೇಪರ್ ಬದಲಾಯಿಸುವಾಗ ಒಂದು ಪುಟ್ಟ ಕಾಸು ಸಿಕ್ಕಿತು. ಅವಳು ಎತ್ತಿಕೊಂಡು ಅಂಗಡಿಗೆ ಹೋದಳು, ಬರಿಗೈಯಲ್ಲಿ ಬಂದಳು. ಬಂದವಳು ನನ್ನ ಎದುರಿಗೆ ನಿಂತು, "ಇದು ನಡೆಯಲ್ವಂತೆ. ಯಾಕೆ? ಇದೂ ದುಡ್ಡೇ ಅಲ್ವಾ?" ಎಂದಳು. ಇಷ್ಟು ಉದ್ದದ ಮಾತು ನಾನು ಅವಳಿಂದ ಕೇಳಿದ್ದು ಅದೇ ಮೊದಲು. ನನಗೆ ಉತ್ತರ ಗೊತ್ತಿರಲಿಲ್ಲ. "ಇದರ ಮೇಲಿರೋದು ಹಂದೀನಾ?" ಎಂದು ಇನ್ನೊಂದು ಕೇಳಿದಳು. ನೋಡಿದೆ, ಮೂತಿಯ ಮೇಲೆ ಕೊಂಬಿದೆ. "ಹಂದಿಗೆ ಕೊಂಬು ಇರುತ್ತಾ?" ಎಂದು ನಾನೇ ಅವಳನ್ನು ಕೇಳಿಬಿಟ್ಟೆ. ಅವಳು ತಲೆ ಆಡಿಸಿ ಹೋದಳು. ಮಾತು ಅಲ್ಲಿಗೆ ನಿಂತಿದೆ.

ನೀವು ಬಹಳ ವರ್ಷ ರಾಗಿ ಬೀಸುವ ಗಿರಣಿ ನಡೆಸಿದವರು, ಎಂಥೆಂಥ ಕಾಸೋ ನಿಮ್ಮ ಕೈಮೇಲೆ ಹೋಗಿರುತ್ತದೆ. ನಿಮಗೆ ಗೊತ್ತಿರಬಹುದು. ದೀಪಾವಳಿಯವರೆಗೆ ಮಗು ಇಲ್ಲಿರಲಿ, ಹೊಂದಿಕೊಳ್ಳದಿದ್ದರೆ ಸೂಲಿಬೆಲೆಗೆ ವಾಪಸ್ಸು ಕರೆದುಕೊಂಡು ಹೋಗುವುದು ಎಂದು ನಿಮ್ಮಗಳಲ್ಲಿ ಮಾತಾಗಿದೆ ಎಂದು ನನಗೆ ಗೊತ್ತು. ಅದರ ಬಗ್ಗೆ ಹೇಳಿಕೊಳ್ಳಲು ಈ ಕಾಗದ ಬರೆದಿಲ್ಲ. ಅವಳು ಕೇಳಿದ್ದಕ್ಕೆ ಉತ್ತರ ಬೇಕು. ಸುಮ್ಮನೆ ಏನೋ ಒಂದು ಹೇಳಲು ಮನಸ್ಸಾಗಲಿಲ್ಲ.

ನಮಸ್ಕಾರಗಳೊಂದಿಗೆ
ಪ್ರಮೋದಾ


ಸೂಲಿಬೆಲೆ
24 ಜೂನ್ 2024

ಪ್ರಮೋದಾಳಿಗೆ,

ಕಾಗದ ಬಂತು. ಅದು ಹಂದಿಯಲ್ಲ, ಘೇಂಡಾಮೃಗ. ಕಾಸು ನಾಲ್ಕಾಣೆ, ಅಂದರೆ ಇಪ್ಪತ್ತೈದು ಪೈಸೆ. ಸರ್ಕಾರದವರು ಅದನ್ನು ನಿಲ್ಲಿಸಿ ಸುಮಾರು ವರ್ಷವಾಯಿತು. ನಿಲ್ಲಿಸುವುದಕ್ಕೆ ಮುಂಚೆಯೇ ಜನ ಅದನ್ನು ಬಿಟ್ಟಿದ್ದರು. ಗಿರಣಿಗೆ ತಂದುಕೊಟ್ಟರೆ ನಾನು ತೆಗೆದುಕೊಳ್ಳುತ್ತಿದ್ದೆ, ನಾನು ಕೊಟ್ಟರೆ ಯಾರೂ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ನನ್ನ ಡಬ್ಬದ ತಳದಲ್ಲಿ ಅವೆಲ್ಲ ಉಳಿದುಕೊಂಡವು. ಗಿರಣಿ ಹೋಯಿತು, ಕಿವಿ ಹೋಯಿತು, ಡಬ್ಬ ಇದೆ.

ಇದರ ಜೊತೆ ಬಟ್ಟೆಯಲ್ಲಿ ಸುತ್ತಿ ಕೆಲವು ಕಾಸು ಕಳಿಸಿದ್ದೇನೆ. ಯಾವುದು ಏನು ಅಂತ ನೀನು ಹೇಳಬೇಡ. ನಿನಗೆ ಗೊತ್ತೂ ಇರಲಿಕ್ಕಿಲ್ಲ, ಒಳ್ಳೆಯದೇ ಆಯಿತು. ಅವಳ ಕೈಗೆ ಕೊಟ್ಟುಬಿಡು. ಒಂದೇ ಒಂದು ಕೇಳು: ಇವು ಯಾಕೆ ಎಲ್ಲವೂ ದುಂಡಗಿಲ್ಲ? ಅವಳಿಗೆ ತೋಚಿದ್ದನ್ನು ಬರೆದು ಕಳಿಸು.

ಮಗು ಮಾತಾಡುತ್ತಿಲ್ಲ ಅಂತ ಅದರ ಅಜ್ಜಿ ಮುತ್ತಮ್ಮನಿಗೆ ನಾನು ಹೇಳಿಲ್ಲ. ಹೇಳಿದರೆ ಇವತ್ತೇ ಬಸ್ಸು ಹತ್ತುತ್ತಾಳೆ. ನಮ್ಮ ಮಗ ಆನಂದ ಎರಡು ಹೊಸ ಹಸು ಕಟ್ಟಿದ್ದಾನೆ, ಅವಳು ಅದರ ಗಡಿಬಿಡಿಯಲ್ಲಿದ್ದಾಳೆ.

ಸೊಣ್ಣಪ್ಪ


ದಾಬಸ್‌ಪೇಟೆ
7 ಜುಲೈ 2024

ಸಿಂಚನಳ ತಾತನವರಿಗೆ,

ಕಾಸುಗಳು ಸಿಕ್ಕಿದವು. ಬಟ್ಟೆ ಬಿಚ್ಚಿದಾಗ ಸಣ್ಣಗೆ ರಾಗಿಹಿಟ್ಟಿನ ವಾಸನೆ ಬಂತು. ನನಗೆ ಹಾಗನ್ನಿಸಿತೋ ಏನೋ ಅಂದುಕೊಂಡೆ, ಅವಳೂ ಮೂಸಿ ನೋಡಿದಳು.

ನಿಮ್ಮ ಪ್ರಶ್ನೆ ಕೇಳಿದೆ. ಸಂಜೆಯೆಲ್ಲ ಕಾಸುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತಳು. ಹೂವಿನ ಎಸಳಿನಂಥದ್ದು ಒಂದು ಕಡೆ, ಚೌಕದ್ದು ಒಂದು ಕಡೆ, ಆರು ಮೂಲೆಯದು ಒಂದು ಕಡೆ. ಆಮೇಲೆ ನನ್ನ ಹತ್ತಿರ ಬಂದು, "ಕಣ್ಣು ಮುಚ್ಚಿ" ಎಂದಳು. ಮುಚ್ಚಿದೆ. ಅಂಗೈಯಲ್ಲಿ ಒಂದು ಇಟ್ಟು, "ಯಾವುದು ಹೇಳಿ" ಎಂದಳು. ಹೂವಿನದು ಎಂದೆ. ಸರಿಯಾಗಿತ್ತು. ಇನ್ನೊಂದು ಇಟ್ಟಳು, ಚೌಕದ್ದು ಎಂದೆ. ಅದೂ ಸರಿ. ಆಮೇಲೆ ಈಗಿನ ಒಂದು ರೂಪಾಯಿ, ಎರಡು ರೂಪಾಯಿ ತಂದು ಒಂದೊಂದೇ ಇಟ್ಟಳು. ಎರಡೂ ಸಲ ತಪ್ಪು ಹೇಳಿದೆ. ಅವಳು ನಕ್ಕಳು. ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ ಎಂದು ನನಗೆ ಆವತ್ತು ತಿಳಿಯಿತು.

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಕತ್ತಲಲ್ಲಿ ಗೊತ್ತಾಗಲಿ ಅಂತ ಬೇರೆ ಬೇರೆ ಮಾಡಿದಾರೆ. ಈಗ ಎಲ್ಲಾರ ಮನೇಲೂ ಲೈಟಿದೆ, ಅದಕ್ಕೆ ದುಂಡಗೆ ಮಾಡಿಬಿಟ್ರು."

ಈಗ ನಾವಿಬ್ಬರೂ ಕಾಸು ಹುಡುಕಲು ಹೊರಟಿದ್ದೇವೆ. ಯಾರ ಹತ್ತಿರವೂ ಕಾಸಿಲ್ಲ. ಎಲ್ಲರೂ ಫೋನು ತೋರಿಸಿ ಹೋಗುತ್ತಾರೆ. ಸಂಜೀವಪ್ಪನವರ ಅಂಗಡಿಯಲ್ಲಿ ಸಕ್ಕರೆಗೆಂದು ಹತ್ತು ರೂಪಾಯಿ ನಾಣ್ಯ ಕೊಟ್ಟೆ.

"ಅದು ನಡೆಯಲ್ಲ ಕಣಮ್ಮ, ನೋಟಿದ್ರೆ ಕೊಡಿ" ಎಂದರು.

ಸಿಂಚನ ಕೇಳಿದಳು, "ಇದನ್ನೂ ಸರ್ಕಾರದೋರು ನಿಲ್ಸಿದಾರಾ?"

"ಇಲ್ಲ ಕಣವ್ವ. ಯಾರೂ ತಗೊಳಲ್ಲ, ಅದಕ್ಕೆ ನಾನೂ ತಗೊಳಲ್ಲ."

"ನೀವು ತಗೊಂಡ್ರೆ ಆಗ ಒಬ್ರು ತಗೊಂಡಂಗಾಗುತ್ತಲ್ಲ?"

ಸಂಜೀವಪ್ಪನವರು ನನ್ನ ಮುಖ ನೋಡಿದರು. "ಎಲ್ಲಿಂದ ತಂದ್ರಮ್ಮ ಈ ಲಾಯರ್ನ" ಎಂದು ನಾಣ್ಯ ತೆಗೆದುಕೊಂಡರು. ಗಲ್ಲಾಪೆಟ್ಟಿಗೆಯನ್ನೇ ಅವಳ ಮುಂದೆ ಇಟ್ಟು, ಬೇಕಾದ್ದನ್ನು ಆರಿಸಿಕೊಂಡು ಬದಲಿಗೆ ನೋಟು ಕೊಡಿ ಎಂದರು.

ಶಿವಗಂಗೆಗೂ ಹೋಗಿದ್ದೆವು. ಬೆಟ್ಟ ಹತ್ತಲಿಲ್ಲ. ಕೆಳಗೆ ಚಪ್ಪಲಿ ಕಾಯುವ ಸಪ್ಪಲಮ್ಮ ಎನ್ನುವವರ ಹತ್ತಿರ ಕೂತಿದ್ದೆವು. ಅವರು ಸೆರಗಿನ ಗಂಟು ಬಿಚ್ಚಿ, "ನಿನ್ನ ವಯಸ್ಸಿನ ಕಾಸು ಬೇಕಾ, ನನ್ನ ವಯಸ್ಸಿನದು ಬೇಕಾ?" ಎಂದು ಸಿಂಚನಳನ್ನು ಕೇಳಿದರು. "ಇಬ್ಬರದೂ" ಎಂದಳು. ಸಪ್ಪಲಮ್ಮನಿಗೆ ತಾವು ಹುಟ್ಟಿದ ವರ್ಷ ಗೊತ್ತಿಲ್ಲ, ಹಾಗಾಗಿ ಆ ಒಂದು ಕಾಸು ಬಾಕಿ ಇದೆ.

ನಮ್ಮ ಪಕ್ಕದ ಮನೆಯ ಅಕ್ಕಯಮ್ಮ ಬೀದಿಯಲ್ಲಿ ನಿಲ್ಲಿಸಿ, "ಏನೇ ಪ್ರಮೋದಾ, ಮಗೂನ ಕರ್ಕೊಂಡು ಅಂಗಡಿ ಅಂಗಡೀಲಿ ಚಿಲ್ಲರೆ ಕೇಳ್ತಿದ್ದೀಯಂತೆ. ಸೂಲಿಬೆಲೆಯೋರಿಗೆ ಗೊತ್ತಾದ್ರೆ ಮಲತಾಯಿ ಭಿಕ್ಷೆಗೆ ಬಿಟ್ಲು ಅಂತಾರೆ ಕಣೆ" ಎಂದರು. "ಭಿಕ್ಷೆ ಅಲ್ಲ, ನಾವು ಕೊಟ್ಟು ತಗೋತೀವಿ" ಎಂದು ಸಿಂಚನಳೇ ಹೇಳಿದಳು. ನಾವು ಎಂದಳು.

ಅವಳ ಪ್ರಶ್ನೆ ಒಂದಿದೆ. ಕೆಲವು ಕಾಸಿನಲ್ಲಿ ಇಸವಿಯ ಕೆಳಗೆ ನಕ್ಷತ್ರ ಇದೆ, ಕೆಲವದರಲ್ಲಿ ಚುಕ್ಕೆ, ಕೆಲವದರಲ್ಲಿ ಏನೂ ಇಲ್ಲ. "ಮಾಡೋರು ಮರೆತುಹೋದ್ರಾ?" ಎನ್ನುತ್ತಾಳೆ.

ಪ್ರಮೋದಾ


ಸೂಲಿಬೆಲೆ
15 ಜುಲೈ 2024

ಪ್ರಮೋದಾಳಿಗೆ,

ಲೈಟಿನ ಉತ್ತರ ಓದಿ ಒಬ್ಬನೇ ಕೂತು ನಕ್ಕೆ. ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ಆದರೆ ಗಿರಣಿಯೊಳಗೆ ಹಗಲಲ್ಲೂ ಕತ್ತಲು, ಕಣ್ಣೆಲ್ಲ ಹಿಟ್ಟು. ನಾನು ಕಾಸು ಎಣಿಸುತ್ತಿದ್ದದ್ದು ಬೆರಳಲ್ಲೇ.

ಮಾಡುವವರು ಮರೆತಿಲ್ಲ. ಕಾಸು ಹೊಡೆಯುವ ಟಂಕಸಾಲೆ ನಾಲ್ಕು ಊರಲ್ಲಿದೆ. ನಕ್ಷತ್ರ ಇದ್ದರೆ ಹೈದರಾಬಾದಿನದು. ದುಂಡು ಚುಕ್ಕೆ ಇದ್ದರೆ ದೆಲ್ಲಿ ಪಕ್ಕದ ನೋಯ್ಡಾ. ಚುಕ್ಕೆ ಓರೆಯಾಗಿ ಚೌಕವಾಗಿ ಡೈಮಂಡಿನ ಹಾಗಿದ್ದರೆ ಮುಂಬಯಿ. ಏನೂ ಇಲ್ಲದ್ದು ಕಲ್ಕತ್ತ. ಕಲ್ಕತ್ತದವರದು ಎಲ್ಲಕ್ಕಿಂತ ಹಳೆಯ ಟಂಕಸಾಲೆ, ನಮಗ್ಯಾಕೆ ಗುರುತು ಅಂತ ಬಿಟ್ಟರೇನೋ. ಇದು ನನ್ನ ಊಹೆ, ಅವಳಿಗೆ ಊಹೆ ಅಂತಲೇ ಹೇಳು. ಸಣ್ಣದು ಕಾಣದಿದ್ದರೆ ತೆಳು ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದು ತೊಟ್ಟು ನೀರು ಬಿಟ್ಟು, ಅದರೊಳಗಿಂದ ನೋಡಲಿ. ದೊಡ್ಡದಾಗಿ ಕಾಣುತ್ತದೆ.

ಇನ್ನೊಂದು ವಿಷಯ. ಸಿಂಧುವಿನ ಮದುವೆಯಲ್ಲಿ ಮುತ್ತಮ್ಮ ಅವಳಿಗೆ ಕಲಶದ ಕಾಸು ಕೊಟ್ಟಿದ್ದಳು. ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ಅಕ್ಕಿಯಲ್ಲಿ ಇಡುವ ಕಾಸು, ನಮ್ಮ ತಾಯಿಯ ಕಾಲದಿಂದ ಬಂದದ್ದು. ಕಿರೀಟದ ರಾಜನ ಕಾಲಾಣೆಗಳು, ಕಮಲದ ಹೂವಿನ ಇಪ್ಪತ್ತು ಪೈಸೆಗಳು. ನಿಮ್ಮ ಬೀರುವಿನಲ್ಲೇ ಇರಬೇಕು. ತೆಗೆದು ಮಗುವಿಗೆ ತೋರಿಸು. ಅವು ಅವಳವೇ. ಹಬ್ಬಕ್ಕೆ ನೀನು ಬಳಸಿಕೊಂಡರೂ ನನ್ನದೇನೂ ಅಡ್ಡಿಯಿಲ್ಲ. ಮುತ್ತಮ್ಮನನ್ನು ನಾನು ಕೇಳಿಲ್ಲ.

ಸೊಣ್ಣಪ್ಪ


ದಾಬಸ್‌ಪೇಟೆ
18 ಆಗಸ್ಟ್ 2024

ಸಿಂಚನಳ ತಾತನವರಿಗೆ,

ಹೇಗೆ ಬರೆಯಲಿ ಎಂದು ಎರಡು ದಿನ ಯೋಚಿಸಿದೆ.

ನೀವು ಹೇಳಿದ ಕಾಸು ಆಗಲೇ ಸಿಕ್ಕಿದ್ದವು. ಕೆಂಪು ರವಿಕೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದ್ದರು. ಕಪ್ಪಗಿದ್ದವು, ರಾಜ ಯಾವುದು ಕಮಲ ಯಾವುದು ಎಂದು ಬೆಳಕಿಗೆ ಹಿಡಿದರೂ ತಿಳಿಯುತ್ತಿರಲಿಲ್ಲ. ಸಿಂಚನ ಅವನ್ನು ತನ್ನ ಬೇರೆ ಕಾಸುಗಳ ಜೊತೆ ಸೇರಿಸಲಿಲ್ಲ. ಶಾಲೆಯಿಂದ ಬಂದ ಕೂಡಲೇ ಗಂಟು ಬಿಚ್ಚುವುದು, ನೀರಿನ ತೊಟ್ಟಿನಲ್ಲಿ ನೋಡುವುದು, ಮತ್ತೆ ಕಟ್ಟುವುದು. ಒಂದೊಂದನ್ನೇ ಮೂಸುವುದು. ಅದರಲ್ಲೇನಿದೆ ಎಂದು ನಾನು ಕೇಳಲಿಲ್ಲ. ಕೇಳಬೇಕಿತ್ತು.

ಶುಕ್ರವಾರ ಹಬ್ಬ. ಗುರುವಾರ ಸ್ವಾತಂತ್ರ್ಯ ದಿನಾಚರಣೆ, ಅವಳು ಬಾವುಟ ಹಾರಿಸಲು ಶಾಲೆಗೆ ಹೋಗಿದ್ದಳು. ನಾನು ಹಿತ್ತಾಳೆ ತಾಮ್ರ ಎಲ್ಲ ಹೊರಗೆ ಹಾಕಿಕೊಂಡು ಕೂತೆ. ನಮ್ಮ ತವರಿನಲ್ಲಿ ಹಬ್ಬದ ಹಿಂದಿನ ದಿನ ದೀಪದ ಕಂಬ, ಚೊಂಬು, ಗಂಟೆ, ಕಲಶದ ಕಾಸು ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಾಕಿ ತೊಳೆಯುತ್ತಾರೆ. ಲಕ್ಷ್ಮಿಗೆ ಮಾಸಿದ ಕಾಸು ಇಡಬಾರದು ಎನ್ನುತ್ತಾರೆ. ನಾನೂ ಹಾಗೇ ಮಾಡಿದೆ. ಹುಣಸೆಹುಳಿಯಲ್ಲಿ ನೆನೆಸಿ, ಬೂದಿ ಹಾಕಿ ತಿಕ್ಕಿದೆ. ಹೊಸದರ ಹಾಗೆ ಆದವು. ರಾಜನ ಕಿರೀಟ ಕಂಡಿತು, ಕಮಲದ ಎಸಳು ಕಂಡಿತು. ಅವಳು ಬಂದು ನೋಡಿ ಖುಷಿಪಡುತ್ತಾಳೆ ಎಂದು ತಟ್ಟೆಯಲ್ಲಿ ಜೋಡಿಸಿ ಬಾಗಿಲ ಹತ್ತಿರವೇ ಇಟ್ಟುಕೊಂಡು ಕೂತಿದ್ದೆ.

ಬಂದಳು. ತಟ್ಟೆ ನೋಡಿದಳು. "ನಮ್ಮಮ್ಮನ ಕಾಸೆಲ್ಲಿ?" ಎಂದಳು.

"ಇವೇ ಕಣಮ್ಮ."

"ಇವಲ್ಲ. ಅವು ಕಪ್ಪಗಿದ್ವು. ಅಮ್ಮ ಹಿಡ್ಕೊಂಡು ಹಿಡ್ಕೊಂಡು ಕಪ್ಪಗಾಗಿದ್ವು. ಅಮ್ಮನ ಕೈ ಇತ್ತು ಅದ್ರಲ್ಲಿ. ನೀವು ತೊಳೆದುಬಿಟ್ರಿ."

ಆಮೇಲೆ ಅಳಲಿಲ್ಲ, ಕೂಗಲಿಲ್ಲ. ಶಾಲೆಯಲ್ಲಿ ಕೊಟ್ಟಿದ್ದ ಲಾಡು ಕೈಯಲ್ಲೇ ಇತ್ತು. ಅದನ್ನು ನನ್ನ ತಟ್ಟೆಯ ಪಕ್ಕದಲ್ಲಿ ಇಟ್ಟು ಒಳಗೆ ಹೋದಳು. ಅವತ್ತಿನಿಂದ ಮತ್ತೆ ಹೂಂ, ಸಾಕು. ನಿಮ್ಮ ಕಾಸುಗಳನ್ನೂ ಮುಟ್ಟಿಲ್ಲ.

ಎಲ್ಲರೂ ತೊಳೆಯುತ್ತಾರೆ. ಆದರೂ ನಾನು ತೊಳೆಯಬಾರದಿತ್ತು. ಕಳೆದದ್ದನ್ನು ಹುಡುಕಿ ಕೊಡಬಹುದು, ತೊಳೆದುಹೋದದ್ದನ್ನು ಎಲ್ಲಿಂದ ತರಲಿ. ದೀಪಾವಳಿಗೆ ನೀವು ಅವಳನ್ನು ಕರೆದುಕೊಂಡು ಹೋಗುವುದಾದರೆ ನಾನು ಬೇಡ ಎನ್ನುವುದಿಲ್ಲ.

ಪ್ರಮೋದಾ


ಸೂಲಿಬೆಲೆ
12 ಸೆಪ್ಟೆಂಬರ್ 2024

ಪ್ರಮೋದಾಳಿಗೆ,

ಬರೆಯುವುದು ತಡವಾಯಿತು. ನಿನ್ನ ಕಾಗದ ಬಂದಾಗ ನಾನು ಡೇರಿಗೆ ಹೋಗಿದ್ದೆ. ಆನಂದ ಒಡೆದು ಮುತ್ತಮ್ಮನಿಗೆ ಓದಿಬಿಟ್ಟಿದ್ದ. ನಾನು ಬರುವ ಹೊತ್ತಿಗೆ ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಇನ್ನು ಇವಳನ್ನು ಹಿಡಿಯುವವರಿಲ್ಲ ಅಂದುಕೊಂಡೆ. ನನಗೆ ಕೇಳಿಸಲಿ ಅಂತ ಜೋರಾಗಿ, "ಕಾಸನ್ನ ಅಕ್ಕಿ ಮೇಲಿಟ್ಲೋ ಒಳಗಿಟ್ಲೋ ಕೇಳಿ" ಎಂದಳು.

"ಮಗು ಮಾತು ಬಿಟ್ಟಿದೆ, ನಿನಗೆ ಅಕ್ಕಿ ಚಿಂತೆ" ಎಂದೆ.

"ತೊಳೆದೋಳು ಕಲಶ ಇಟ್ಲೋ ಇಲ್ವೋ ಅಂತ ಕೇಳ್ತಿದ್ದೀನಿ. ನಿಮಗೆ ಕಿವಿ ಇಲ್ಲ, ತಲೆನೂ ಹೋಯ್ತಾ?"

ಇದಕ್ಕೆ ಉತ್ತರ ಬರೆ. ದಿನಾ ಕೇಳುತ್ತಿದ್ದಾಳೆ.

ಇನ್ನು ನಿನ್ನ ವಿಷಯ. ಕಾಸು ಕೂಡಿಡುವವರು ಯಾವ ಕಾಸನ್ನೂ ತೊಳೆಯಬಾರದು. ಹುಳಿ ಲೋಹವನ್ನು ತಿನ್ನುತ್ತದೆ. ಇದನ್ನು ನಾನು ಮೊದಲೇ ಬರೆಯಬೇಕಿತ್ತು, ಬರೆಯಲಿಲ್ಲ. ಆದರೆ ಇವು ಕೂಡಿಟ್ಟ ಕಾಸಲ್ಲ, ಕಲಶದ ಕಾಸು. ಇವನ್ನು ವರ್ಷವರ್ಷವೂ ತೊಳೆದಿದ್ದಾರೆ. ನಮ್ಮ ತಾಯಿ ತೊಳೆದಳು. ಮುತ್ತಮ್ಮ ಈ ಮನೆಗೆ ಬಂದ ಮೊದಲ ಶ್ರಾವಣದಿಂದ ತೊಳೆದಳು. ಸಿಂಧು ಸಣ್ಣ ಹುಡುಗಿಯಾಗಿದ್ದಾಗ ಹುಣಸೆ ಕಿವುಚಿ ಕೊಟ್ಟು, ಅರ್ಧ ಅವಳೇ ತಿನ್ನುತ್ತಿದ್ದಳು. ಮದುವೆಯಾದ ಮೇಲೆ ನಿಮ್ಮ ಮನೆಯಲ್ಲಿ ಅವಳೂ ತೊಳೆದಿದ್ದಾಳೆ. ಆ ರಾಜನ ಮುಖ ನೋಡು. ಮೂಗು ಇಲ್ಲ. ಯಾರೂ ಒಡೆದದ್ದಲ್ಲ. ಇವರೆಲ್ಲ ಸೇರಿ ತಿಕ್ಕಿ ತಿಕ್ಕಿ ತೆಗೆದದ್ದು.

ಸಿಂಧು ಇರುವ ತನಕ ಅವು ಕಪ್ಪಗಿರಲಿಲ್ಲ. ಅವಳು ಹೋದ ಮೇಲೆ ಆ ಮನೆಯಲ್ಲಿ ಕಲಶ ಇಡುವವರಿಲ್ಲ, ಗಂಟು ಬಿಚ್ಚುವವರಿಲ್ಲ. ಆಗ ಕಪ್ಪಾದವು. ಮಗು ನೋಡಿದ್ದು ಆ ಕಪ್ಪನ್ನು. ಅದು ಅವಳ ಅಮ್ಮನದಲ್ಲ, ಅವಳ ಅಮ್ಮ ಇಲ್ಲದ್ದು.

ಇದನ್ನು ಬರೆದು ಸ್ವಲ್ಪ ಹೊತ್ತು ಎದ್ದು ಹೋಗಿದ್ದೆ.

ಇದನ್ನು ನೀನು ಅವಳಿಗೆ ಹೇಳು ಅಂತ ನಾನು ಹೇಳುವುದಿಲ್ಲ. ರಾಜನಿಗೆ ಮೂಗು ಯಾಕಿಲ್ಲ ಅಂತ ಮಾತ್ರ ಕೇಳು. ಮಿಕ್ಕದ್ದನ್ನು ಅವಳು ಕೇಳಿದರೆ ಹೇಳು.

ದೀಪಾವಳಿಯ ಮಾತು ನಾನು, ನೀನು ತೀರ್ಮಾನ ಮಾಡುವುದಲ್ಲ. ಮಗು ಇಲ್ಲಿಗೆ ಬರಲಿ. ಅವಳನ್ನೇ ಕೇಳುತ್ತೇನೆ.

ಸೊಣ್ಣಪ್ಪ


ದಾಬಸ್‌ಪೇಟೆ
13 ಅಕ್ಟೋಬರ್ 2024

ತಾತನವರಿಗೆ,

ಮೊದಲು ಅಜ್ಜಿಯವರಿಗೆ ಉತ್ತರ. ಕಲಶ ಇಟ್ಟೆ. ಅಕ್ಕಿ, ಅರಿಸಿನದ ಕೊಂಬು, ಅಡಿಕೆ ಹಾಕಿದೆ. ಕಾಸು ಹಾಕಲಿಲ್ಲ. ಅವು ಮಗುವಿನವು, ಅವಳು ಆ ದಿನ ಮುಖ ತಿರುಗಿಸಿ ಮಲಗಿದ್ದಳು. ಕೇಳದೆ ಹೇಗೆ ಹಾಕಲಿ.

ರಾಜನ ಮೂಗಿನ ಪ್ರಶ್ನೆ ಕೇಳಿದೆ. ಮರುದಿನ ಅವಳು ಪ್ಲಾಸ್ಟಿಕ್ ಹಾಳೆ ಹುಡುಕುವುದನ್ನು ನೋಡಿದೆ. ನೀರಿನ ತೊಟ್ಟಿನಲ್ಲಿ ರಾಜರನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, "ಒಬ್ಬನಿಗೂ ಮೂಗಿಲ್ಲ. ಒಬ್ಬನಿಗೆ ಕಿವಿನೂ ಇಲ್ಲ" ಎಂದಳು. ಯಾಕೆ ಎಂದು ಅವಳೇ ಕೇಳಿದಳು. ನೀವು ಬರೆದದ್ದನ್ನು ಹೇಳಿದೆ. ನಿಮ್ಮ ತಾಯಿ, ಅಜ್ಜಿ, ಸಿಂಧು ಅಕ್ಕ ಹುಣಸೆ ತಿನ್ನುತ್ತಿದ್ದದ್ದು, ಎಲ್ಲ ಹೇಳಿದೆ. "ಅಮ್ಮನೂ ತೊಳೀತಿದ್ಲಾ?" ಎಂದು ಮೂರು ನಾಲ್ಕು ಸಲ ಕೇಳಿದಳು. ಹಾಗಾದರೆ ಕಪ್ಪು ಯಾವಾಗ ಬಂತು ಎಂದಳು. ಅದನ್ನೂ ಹೇಳಿದೆ. ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಕಾಸು ನೋಡುತ್ತಿದ್ದಳು.

"ಸುಮ್ನೆ ಇಟ್ರೆ ಕಪ್ಪಾಗುತ್ತಾ, ಮುಟ್ಟಿದ್ರೆ ಕಪ್ಪಾಗುತ್ತಾ?" ಎಂದಳು.

ನನಗೆ ಗೊತ್ತಿಲ್ಲ ಎಂದೆ. "ತಾತಂಗೆ ಗೊತ್ತಾ?" ಎಂದಳು. ತಾತನಿಗೆ ಬರೆದು ಕೇಳೋಣವೇ ಎಂದರೆ, ಬೇಡ, ನೋಡೇಬಿಡೋಣ ಎಂದಳು.

ಈಗ ನಮ್ಮ ಮನೆಯಲ್ಲಿ ನಡೆಯುತ್ತಿರುವುದನ್ನು ಕೇಳಿ. ಒಂದು ಕಾಲಾಣೆ ಕಿಟಕಿಯಲ್ಲಿದೆ. ಒಂದು ರಾಗಿಹಿಟ್ಟಿನ ಡಬ್ಬದೊಳಗೆ ಇದೆ, ನಾನು ಮುದ್ದೆ ಮಾಡುವಾಗೆಲ್ಲ ಹುಷಾರಾಗಿ ಹಿಟ್ಟು ತೆಗೆಯಬೇಕು. ಒಂದನ್ನು ಅವಳು ದಿನಾ ಬೆಳಿಗ್ಗೆ ಹೆಬ್ಬೆರಳಲ್ಲಿ ಒತ್ತುತ್ತಾಳೆ. ಒತ್ತಿದ ಕಡೆ ಬೆರಳಿನ ಗುರುತು ಕಂದಾಗಿ ಮೂಡುತ್ತಿದೆ, ಗೆರೆ ಸಮೇತ. ಕಿಟಕಿಯದು ಬರೀ ಮಂಕಾಗಿದೆ. ಹಿಟ್ಟಿನೊಳಗಿನದು ಇನ್ನೂ ಹೊಸದರ ಹಾಗಿದೆ. ತಾತ ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು ಅಂತ ಬರಿ ಎನ್ನುತ್ತಿದ್ದಾಳೆ. ಸುಮ್ಮನೆ ಇಟ್ಟರೂ ಕಪ್ಪಾಗುತ್ತದೆ, ಮುಟ್ಟಿದರೂ ಕಪ್ಪಾಗುತ್ತದೆ, ಆದರೆ ಮುಟ್ಟಿದ್ದು ಬೇಗ ಆಗುತ್ತದಂತೆ.

ಕಳೆದ ವಾರ ಇನ್ನೊಂದು ಕಾಸು ತಂದು ನನ್ನ ಮುಂದೆ ಹಿಡಿದಳು. "ನೀನೂ ಒತ್ತು. ಯಾರದು ಬೇಗ ಆಗುತ್ತೆ ನೋಡೋಣ. ಪಾತ್ರೆ ತೊಳೆದ ಕೈಯಲ್ಲಿ ಒತ್ತಬೇಡ, ಮೋಸ ಆಗುತ್ತೆ."

ದಿನಾ ಒತ್ತುತ್ತಿದ್ದೇನೆ. ಇವರೂ ತಾವು ಒತ್ತುತ್ತೇನೆ ಎಂದು ಬಂದರು. "ಅಪ್ಪನ ಕೈಯಲ್ಲಿ ಫ್ಯಾಕ್ಟರಿ ಗ್ರೀಸಿದೆ, ಅದು ಲೆಕ್ಕಕ್ಕಿಲ್ಲ" ಎಂದುಬಿಟ್ಟಳು.

ಪ್ರಮೋದಾ


ದಾಬಸ್‌ಪೇಟೆ
29 ಅಕ್ಟೋಬರ್ 2024

ತಾತನವರಿಗೆ,

ನಾಳೆ ಇವರು ಸಿಂಚನಳನ್ನು ಕರೆದುಕೊಂಡು ಸೂಲಿಬೆಲೆಗೆ ಬರುತ್ತಾರೆ. ಈ ಕಾಗದ ಇವರ ಜೇಬಿನಲ್ಲೇ ಇಟ್ಟು ಕಳಿಸುತ್ತಿದ್ದೇನೆ.

ನಾನು ಬರುವುದಿಲ್ಲ. ಬಾ ಎಂದು ಇವರು ಬಹಳ ಕರೆದರು. ನಾನು ಎದುರಿಗೆ ಇದ್ದರೆ ಮಗು ನನ್ನ ಮುಖ ನೋಡಿ ಉತ್ತರ ಹೇಳಬೇಕಾಗುತ್ತದೆ. ನಿಮ್ಮ ಮನೆ ಅವಳ ಮನೆ. ಅಲ್ಲಿ ಅವಳ ಹಸುಗಳಿವೆ, ಅಜ್ಜಿಯ ಪಕ್ಕದಲ್ಲಿ ಅವಳ ಹಾಸಿಗೆ ಇದೆ. ಇಲ್ಲಿ ಇರುವುದು ಕೆಲವು ತಿಂಗಳ ಅಭ್ಯಾಸ. ಅವಳು ಏನು ಹೇಳಿದರೂ ನೀವು ಅದನ್ನೇ ಮಾಡಿ.

ಎರಡು ಬ್ಯಾಗು ಕಳಿಸಿದ್ದೇನೆ. ಸಣ್ಣದರಲ್ಲಿ ಹಬ್ಬದ ಮೂರು ದಿನಕ್ಕೆ ಬೇಕಾದದ್ದು. ದೊಡ್ಡದರಲ್ಲಿ ಅವಳ ಉಳಿದ ಬಟ್ಟೆ, ಸ್ವೆಟರ್, ಶಾಲೆಯ ಪುಸ್ತಕ ಎಲ್ಲ ಇದೆ. ದೊಡ್ಡದು ಯಾಕೆ ಎಂದು ಅವಳು ಕೇಳಿದಳು. ಅಜ್ಜಿಗೆ ಎಂದೆ. ಚಳಿ ಶುರುವಾಗುತ್ತಿದೆ, ಸ್ವೆಟರ್ ಮೇಲೇ ಇಟ್ಟಿದ್ದೇನೆ.

ಕಾಸುಗಳ ಬಗ್ಗೆ ನಾನು ಏನೂ ಹೇಳಲಿಲ್ಲ. ಯಾವುದನ್ನು ತೆಗೆದುಕೊಳ್ಳುತ್ತಾಳೆ, ಯಾವುದನ್ನು ಬಿಡುತ್ತಾಳೆ ಎಂದು ನಾನು ನೋಡಲೂ ಇಲ್ಲ. ಆ ಹೊತ್ತಿಗೆ ಹಿತ್ತಲಿಗೆ ಹೋಗಿದ್ದೆ.

ಪ್ರಮೋದಾ


ಸೂಲಿಬೆಲೆ
3 ನವೆಂಬರ್ 2024

ಪ್ರಮೋದಾ,

ಈ ಕಾಗದ ಅಂಚೆಗೆ ಹಾಕಿಲ್ಲ. ತಂದುಕೊಟ್ಟವರು ಯಾರು ಅಂತ ನಿನ್ನ ಎದುರಿಗೇ ಇದೆ. ಆದರೂ ಏನು ನಡೆಯಿತು ಅಂತ ಬರೆಯುತ್ತೇನೆ, ಯಾಕೆಂದರೆ ಅಳಿಯ ಮುರಳಿ ಸರಿಯಾಗಿ ಹೇಳುವುದಿಲ್ಲ, ಮಗು ತನಗೆ ಬೇಕಾದಷ್ಟು ಮಾತ್ರ ಹೇಳುತ್ತದೆ.

ಬಂದ ದಿನ ಕೊಟ್ಟಿಗೆಗೆ ಹೋದವಳು ಕತ್ತಲಾಗುವವರೆಗೂ ಒಳಗೆ ಬರಲಿಲ್ಲ. ಹೊಸ ಹಸುಗಳಿಗೆ ಹೆಸರಿಟ್ಟಳು. ಮುತ್ತಮ್ಮ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು ಎಣ್ಣೆ ಹಚ್ಚುವುದು, ತಿನ್ನಿಸುವುದು, ಎಲ್ಲ ಆಯಿತು. ನೋಡಿದವರು ಈ ಮಗು ಇನ್ನು ಇಲ್ಲಿಂದ ಅಲ್ಲಾಡುವುದಿಲ್ಲ ಅನ್ನಬೇಕು, ಹಾಗಿದ್ದಳು. ನನಗೂ ಹಾಗೇ ಅನ್ನಿಸಿತು.

ಕಾಸು ಯಾವುದನ್ನೂ ತಂದಿರಲಿಲ್ಲ. ಒಂದೇ ಒಂದು ತಂದಿದ್ದಳು, ಹಿಟ್ಟಿನ ಡಬ್ಬದಲ್ಲಿ ಇದ್ದದ್ದು. ಹೊಳೆಯುತ್ತಿತ್ತು. ಪಾಡ್ಯದ ದಿನ ಊಟವಾದ ಮೇಲೆ ಅದನ್ನು ಮುತ್ತಮ್ಮನ ಮುಂದೆ ಹಿಡಿದು, "ಅಜ್ಜಿ, ಹೆಬ್ಬೆಟ್ಟು ಒತ್ತು" ಎಂದಳು.

"ಯಾಕೇ, ಹೆಬ್ಬೆಟ್ಟು ಒತ್ತಿಸ್ಕೊಂಡು ನಮ್ಮ ಹೊಲ ಬರೆಸ್ಕೋತೀಯೇನೇ?" ಎಂದಳು ಮುತ್ತಮ್ಮ.

"ಹೊಲ ಬೇಡ. ಗಟ್ಟಿಯಾಗಿ ಒತ್ತು. ಇದನ್ನ ತಗೊಂಡು ಹೋಗಿ ನಮ್ಮದ್ರ ಪಕ್ಕ ಇಡ್ತೀನಿ."

ಆಗ ನಾನು ಕೇಳಿದೆ. ನನ್ನ ಧ್ವನಿ ಎಷ್ಟು ದೊಡ್ಡದಾಗಿ ಬರುತ್ತದೆ ಅಂತ ನನಗೆ ತಿಳಿಯುವುದಿಲ್ಲ, ಆನಂದ ಆಮೇಲೆ ಹೇಳಿದ, ಬೀದಿಗೇ ಕೇಳಿಸಿತಂತೆ. "ಸಿಂಚನ, ಇಲ್ಲೇ ಇದ್ದುಬಿಡ್ತೀಯಾ? ಕಾಸೆಲ್ಲ ಇಲ್ಲಿಗೇ ತರಿಸೋಣ."

ಅವಳು ಹೇಳಿದ್ದು ನನಗೆ ಕೇಳಿಸಲಿಲ್ಲ. ತುಟಿ ಆಡಿದ್ದು ಕಂಡಿತು, ಮುತ್ತಮ್ಮನ ಮುಖ ಕಂಡಿತು. ಅದಕ್ಕೆ ಮುಂಚಿನ ಮಾತಿನ ಹಾಗೇ ಇದನ್ನೂ ಆನಂದ ಸ್ಲೇಟಿನ ಮೇಲೆ ಬರೆದು ತೋರಿಸಿದ. ಹೀಗಂದಳಂತೆ: "ಆಗಲ್ಲ ತಾತ. ದಿನಾ ಒತ್ತಬೇಕು. ಒಂದಿನ ಬಿಟ್ರೆ ಅವಳದು ಮುಂದೆ ಹೋಗಿಬಿಡುತ್ತೆ. ಈಗಲೇ ನಾಲ್ಕು ದಿನ ಬಿಟ್ಟಿದ್ದೀನಿ, ಅವಳು ಒಬ್ಳೇ ಒತ್ತುತಿರ್ತಾಳೆ."

ಮುತ್ತಮ್ಮ ಕಾಸನ್ನು ಕೈಗೆ ತೆಗೆದುಕೊಂಡಳು. ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಒತ್ತಿದಳು. ಬಹಳ ಹೊತ್ತು ಒತ್ತಿ ಹಿಡಿದಿದ್ದಳು. ಸಾಕು ಬಿಡು ಅಜ್ಜಿ ಅಂತ ಮಗುವೇ ಬಿಡಿಸಿಕೊಂಡಿತು.

ಕಲಶದಲ್ಲಿ ಕಾಸು ಹಾಕಲಿಲ್ಲ, ಕೇಳದೆ ಹೇಗೆ ಹಾಕಲಿ ಅಂತ ನೀನು ಬರೆದಿದ್ದೆಯಲ್ಲ, ಅದನ್ನು ಮುತ್ತಮ್ಮ ಆನಂದನ ಕೈಲಿ ಎರಡು ಸಲ ಓದಿಸಿಕೊಂಡಿದ್ದಳು. ಅಲ್ಲಿಯ ತನಕ ನಿನ್ನನ್ನು "ಅವಳು" ಅನ್ನುತ್ತಿದ್ದಳು. ಆಮೇಲೆ ಹೆಸರು ಹಿಡಿದು ಅನ್ನುತ್ತಿದ್ದಾಳೆ. ನಿನ್ನೆ ಸಂಜೆ ನನ್ನ ಪಕ್ಕದಲ್ಲಿ ಬಂದು ಕೂತು ಅತ್ತಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ. ಅವಳು ಸಾಕಿದ ಮಗು, ಅಳಲಿ. ಆದರೆ ಅಳುತ್ತಲೇ ಎದ್ದು ಹೋಗಿ ನಿಮಗೆ ಅಂತ ತುಪ್ಪ ಕಾಯಿಸಿದಳು. ಬಿಸಿ ಇರುವಾಗಲೇ ಬಾಟಲಿಗೆ ಹಾಕಿದ್ದಾಳೆ, ಮುಚ್ಚಳ ನೋಡಿಕೊಂಡು ತೆಗೆ.

ದೊಡ್ಡ ಬ್ಯಾಗನ್ನು ಮುರಳಿ ತಂದಿಟ್ಟ ಕಡೆಯೇ ಇತ್ತು. ಬಂದ ರಾತ್ರಿಯೇ ಬಟ್ಟೆ ಬೀರುವಿಗೆ ಜೋಡಿಸಬೇಕು ಅಂತ ಮುತ್ತಮ್ಮ ಒಂದು ಖಾನೆ ಖಾಲಿ ಮಾಡಿದ್ದಳು. ಇವತ್ತು ಬೆಳಿಗ್ಗೆ ಆ ಬ್ಯಾಗನ್ನು ತಾನೇ ಎತ್ತಿ ಬಸ್ ಸ್ಟಾಂಡಿನವರೆಗೂ ಹೊತ್ತುಕೊಂಡು ಬರುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಮಂಡಿನೋವು ಇಟ್ಟುಕೊಂಡು. ಜಿಪ್ಪು ಕೂಡ ತೆಗೆದಿಲ್ಲ. ನೀನು ಮಡಚಿ ಇಟ್ಟದ್ದು ಮಡಚಿದ ಹಾಗೇ ಇದೆ, ನೋಡಿಕೋ.

ನಿನ್ನ
ಅಪ್ಪ